ಬರ್ತೀನಿ ಅಂದವರ ಪಾಲು

ಗುಲಾಬಬಿಯಲ್ಲಿ ದಯೆ ಎಂಬುದು ಇರಲಿಲ್ಲ. ಒಳಗೆ ಇತ್ತು, ಹೊರಗೆ ತೋರಿಸುತ್ತಿರಲಿಲ್ಲ ಎಂದು ಕೆಲವರ ಬಗ್ಗೆ ಹೇಳುವುದುಂಟು. ಅವಳ ಬಗ್ಗೆ ಅದನ್ನೂ ಯಾರೂ ಹೇಳಲಿಲ್ಲ. ಸೊಸೆ ಅಸ್ಮಾ ಮುಳಗುಂದದಿಂದ ಮದುವೆಯಾಗಿ ಬೆಟಗೇರಿಯ ಆ ಮನೆಗೆ ಬಂದ ಮೊದಲ ವಾರದಲ್ಲೇ ಇದನ್ನು ಕಂಡುಕೊಂಡಳು. ಆಮೇಲೆ ಲೋಕವೇ ಮಗುಚಿ ಬಿತ್ತು. ಕಪ್ಪತಗುಡ್ಡದ ಹಳೆಯ ಗಣಿಯೊಳಗೆ ಅಡಗಿ ಕುಳಿತ ಎರಡನೆಯ ಬೇಸಿಗೆ ಬಂತು. ಅಲ್ಲಿಯವರೆಗೂ ಆ ಅಭಿಪ್ರಾಯವನ್ನು ಬದಲಿಸುವ ಕಾರಣ ಅಸ್ಮಾಳಿಗೆ ಸಿಕ್ಕಿರಲಿಲ್ಲ.

ಗುಲಾಬಬಿ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಹತ್ತಿ ಹಿಂಜಿ ಗಾದಿ ತುಂಬುವವರ ಮನೆಯಲ್ಲಿ. ತಂದೆ ರಹಮಾನಸಾಬ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಮಗಳ ದನಿ ಮಾತ್ರ ಹತ್ತಿಯಂತಿರಲಿಲ್ಲ. ಸ್ವಚ್ಛ, ಗಟ್ಟಿ, ಏರಿಳಿತವಿಲ್ಲದ ದನಿ. ಆ ದನಿಯಿಂದಲೇ ಅವಳಿಗೆ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂರುವ ನೌಕರಿ ಸಿಕ್ಕಿತು. ಸೊರಟೂರ, ಶಿರಹಟ್ಟಿ, ಮುಂಡರಗಿ ಎಂದು ಅವಳು ಕರೆದರೆ ಆಯಾ ಊರಿನವರು ಗಂಟು ಎತ್ತಿಕೊಂಡು ಏಳುತ್ತಿದ್ದರು. ಬೆಟಗೇರಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದ ಅಝೀಮ ಆ ದನಿ ಕೇಳಿಯೇ ಅವಳನ್ನು ಮದುವೆಯಾದೆ ಎನ್ನುತ್ತಿದ್ದ. ಮಾತಿನ ಅರ್ಥ ತಿಳಿದದ್ದು ಆಮೇಲೆ, ಅಷ್ಟೊತ್ತಿಗೆ ಕಾಜಿ ಬಂದು ಹೋಗಿದ್ದ ಎಂದೂ ಸೇರಿಸುತ್ತಿದ್ದ.

ಬಸ್ ಸ್ಟ್ಯಾಂಡಿನಲ್ಲಿ ಬೇರೆಯವರು ಕೂತಾಗ ಯಾರು ಏನು ಕೇಳಿದರೂ "ಈಗ ಬರತೈತಿ, ಕುಂಡ್ರಿ" ಎಂಬ ಒಂದೇ ಉತ್ತರ. ಗುಲಾಬಬಿ ಕೂತಾಗ ಹಾಗಿಲ್ಲ. ಒಂದು ಮಳೆಗಾಲ ಹಳ್ಳ ತುಂಬಿ ರಸ್ತೆ ಮುಳುಗಿತ್ತು. ಬಾಣಂತಿ ಮಗಳನ್ನು ನೋಡಲು ಹೊರಟಿದ್ದ ಮುದುಕಿಯೊಬ್ಬಳು ಕಿಟಕಿಗೆ ಬಂದು ಕೇಳಿದಳು, "ಯವ್ವಾ, ಸೊರಟೂರ ಬಸ್ಸು ಬರತೈತೇನ?"

"ಬರಂಗಿಲ್ಲ."

"ಇನ್ನೊಂದೀಟು ಕುಂತು ನೋಡ್ಲ್ಯಾ?"

"ಸಂಜಿತನಾ ಕುಂತ್ರೂ ಬರಂಗಿಲ್ಲ. ಮನಿಗೆ ನಡೀರಿ."

"ಬಾಯಾಗ ಒಂದು ಚಲೋ ಮಾತು ಬರೂದಿಲ್ಲೇನ ನಿನಗ?"

"ಚಲೋ ಮಾತು ಬರತೈತ್ರಿ. ಬಸ್ಸು ಬರಂಗಿಲ್ಲ."

ಮುದುಕಿ ಶಾಪ ಹಾಕುತ್ತ ಹೋದಳು. ಈಗ ಬರತೈತಿ ಎಂದು ನಂಬಿ ಜನ ಕತ್ತಲಾಗುವ ತನಕ ಕೂತು, ಕಡೆಗೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೂ ಹೋಗಲಾಗದೆ ಪ್ಲಾಟ್‌ಫಾರ್ಮಿನ ಮೇಲೆ ಮಲಗುವುದನ್ನು ಗುಲಾಬಬಿ ನೋಡಿದ್ದಳು. ಬರುವುದಿಲ್ಲ ಎಂದು ಗೊತ್ತಿದ್ದೂ ಬರುತ್ತದೆ ಎನ್ನುವವನಿಗಿಂತ ನೀಚ ಇಲ್ಲ ಎನ್ನುವುದು ಅವಳ ನಂಬಿಕೆ. ನಂಬಿಕೆ ಸರಿಯಾದದ್ದೇ. ಅದನ್ನು ಆಡಿ ತೋರಿಸುವಾಗ ಕೇಳುವವರ ಮುಖದ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ, ಅಷ್ಟೇ.

ಮನೆಯಲ್ಲೂ ಅದೇ. ನಮ್ಮ ಕಡೆ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ. ಅದು ಅಪಶಕುನ. ಪೇಟೆಗೆ ಹೋಗುವವನೂ 'ಬರ್ತೀನಿ' ಅನ್ನುತ್ತಾನೆ, ಗಂಡನ ಮನೆಗೆ ಹೋಗುವ ಮಗಳೂ 'ಬರ್ತೀನಿ' ಅನ್ನುತ್ತಾಳೆ, ಇನ್ನು ಈ ಜನ್ಮದಲ್ಲಿ ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದವನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ 'ಬರ್ತೀನಿ' ಎಂದೇ ಹೊರಡುತ್ತಾನೆ. ಗುಲಾಬಬಿ ಒಬ್ಬಳೇ ಬೆಳಗ್ಗೆ ಡ್ಯೂಟಿಗೆ ಹೊರಡುವಾಗ ನೆಟ್ಟಗೆ "ಹೋಗ್ತೀನಿ" ಎನ್ನುತ್ತಿದ್ದಳು. "ಹಂಗ ಅನಬಾರದಲೇ" ಎಂದು ಅಝೀಮ ಪ್ರತಿ ಸಲ ಮುಖ ಹಿಂಡುತ್ತಿದ್ದ. "ಹೋಗೂದು ಖರೆ. ಬರೂದು ಬಂದ ಮ್ಯಾಲೆ ನೋಡಿದ್ರಾತು" ಎನ್ನುವುದು ಅವಳ ಉತ್ತರ.

ಅವರಿಗೊಬ್ಬನೇ ಮಗ, ಶಾಕೀರ. ಮುಂಡರಗಿ ಕಡೆಯ ಬೋರವೆಲ್ ಗಾಡಿಯ ಮೇಲೆ ಕೆಲಸ ಕಲಿತವನು. ಆಗ ಚಂದ್ರನ ಮೇಲೆ, ಮಂಗಳದ ಮೇಲೆ, ಅದರಾಚೆಗೂ ಗಣಿ ಮತ್ತು ನೀರಿನ ಕೆಲಸಗಳು ನಡೆಯುತ್ತಿದ್ದವು. ಮೊದಲು ದುಬೈಗೆ ಹೋಗುತ್ತಿದ್ದಂತೆ ಈಗ ಜನ ಅಲ್ಲಿಗೆ ಹೋಗುತ್ತಿದ್ದರು. ಚಂದ್ರನ ನೆಲದಡಿ ಹೆಪ್ಪುಗಟ್ಟಿದ ನೀರಿಗಾಗಿ ಕೊರೆಯಲು ನಮ್ಮ ಬೋರವೆಲ್ ಹುಡುಗರಿಗೆ ಕರೆ ಬಂತು. ಒಣ ನೆಲದಲ್ಲಿ ನೀರು ಹುಡುಕುವುದು ಅವರಿಗೆ ಹೊಸದಾಗಿರಲಿಲ್ಲ. ಅಸ್ಮಾಳ ಮದುವೆಯಾಗಿ ವರ್ಷ ತುಂಬುವ ಮೊದಲೇ ಶಾಕೀರ ಹೊರಟ. "ಬರ್ತೀನವಾ" ಎಂದು ತಾಯಿಯ ಕಾಲು ಮುಟ್ಟಿದ. "ಹೋಗು" ಎಂದಳು ತಾಯಿ.

*

ಶೇಂಗಾ ಕೀಳುವ ಕಾಲದಲ್ಲಿ ಅವು ಬಂದವು. ಎಲ್ಲಿಂದ ಬಂದವು, ಯಾಕೆ ಬಂದವು ಎಂದು ಹೇಳಬಲ್ಲವರು ಮೊದಲ ದಿನವೇ ಸತ್ತರು. ಮಿಡತೆಗಳಂತೆ ಆಕಾಶದಿಂದ ಹಿಂಡು ಹಿಂಡಾಗಿ ಇಳಿಯುತ್ತಿದ್ದುದರಿಂದ ನಮ್ಮ ಜನ ಅವಕ್ಕೆ ಮಿಡಚಿ ಎಂದು ಹೆಸರಿಟ್ಟರು. ನಾವು ನೋಡುವಂತೆ ಅವು ನೋಡುವುದಿಲ್ಲ. ಅವು ಹಿಡಿಯುವುದು ಎರಡನ್ನು: ಗಾಳಿಯಲ್ಲಿ ಹರಿಯುವ ಫೋನು, ರೇಡಿಯೋಗಳ ಸಂಕೇತವನ್ನು, ಮತ್ತು ಮೈಯ ಬಿಸಿಯನ್ನು. ಮಗನಿಗೆ, ತಮ್ಮನಿಗೆ, ಪೊಲೀಸರಿಗೆ ಫೋನ್ ಮಾಡಿದವರ ಮನೆಗಳ ಮೇಲೆ ಮೊದಲು ಇಳಿದವು.

ಗುಲಾಬಬಿ ಅಂದು ಮೈಕಿನ ಮುಂದೆ ಇದ್ದಳು. "ಪ್ರಯಾಣಿಕರ ಗಮನಕ್ಕೆ. ಎಲ್ಲಾರೂ ಫೋನ್ ಬಂದ್ ಮಾಡ್ರಿ. ಸೊರಟೂರ ಬಸ್ಸು ಈಗ ಹೊರಡತೈತಿ. ಇದರ ಹಿಂದ ಇನ್ನೊಂದು ಬಸ್ಸಿಲ್ಲ." ಆ ದನಿಯಲ್ಲಿ ಎಂದಿನಂತೆ ಏರಿಳಿತ ಇರಲಿಲ್ಲ. ಆದ್ದರಿಂದಲೇ ಜನ ನಂಬಿದರು, ಫೋನ್ ಬಂದ್ ಮಾಡಿದರು, ಬಸ್ಸು ಹತ್ತಿದರು.

ಅಝೀಮ ಮತ್ತು ಅಸ್ಮಾ ಬೆಟಗೇರಿಯಿಂದ ಓಡಿ ಬಂದು ಹತ್ತಿದ್ದರು. ಕೂತ ಮೇಲೆ ಅಝೀಮ ಜೇಬು ತಡವಿಕೊಂಡ. "ಅಂಗಡಿ ಕೀಲಿ ಹಾಕಿಲ್ಲಲೇ ನಾ." ಲೋಕ ಮುಳುಗುವಾಗ ಗಾದಿ ಅಂಗಡಿಯ ಕೀಲಿ! ಆದರೆ ಮೂವತ್ತು ವರ್ಷ ದಿನಾ ಹಾಕಿದ ಕೀಲಿ ಅದು. ಯಾರೋ ಬಿಟ್ಟು ಹೋದ ಮೋಟಾರ್‌ಸೈಕಲ್ ಹತ್ತಿ, "ಈಗ ಬರ್ತೀನಿ, ತಡೀರಿ" ಎಂದು ಕೂಗಿ ಹೋದ.

ಡ್ರೈವರ ಇಂಜಿನ್ ಚಾಲೂ ಇಟ್ಟುಕೊಂಡು ಕಾದ. ಬೆಟಗೇರಿ ದಿಕ್ಕಿನಲ್ಲಿ ಹೊಗೆ ಎದ್ದಿತು.

"ಅಕ್ಕಾರ, ನಿಮ್ಮ ಮನಿಯವರು?"

ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಗುಲಾಬಬಿ ಹೊಗೆಯನ್ನು ನೋಡಿದಳು. "ಅಂವ ಬರಂಗಿಲ್ಲ. ಗಾಡಿ ಬಿಡ್ರಿ."

ಊರು ದಾಟಿದ ಮೇಲೆ ಅಸ್ಮಾ ಹಿಂದಿನ ಗಾಜಿನಲ್ಲಿ ನೋಡಿದಳು. ದೂರದಲ್ಲಿ ಒಂದು ಮೋಟಾರ್‌ಸೈಕಲ್ಲಿನ ಧೂಳು ಕಂಡಂತಾಯಿತು. ಅದು ಮಾವನದೋ ಬೇರೆ ಯಾರದೋ ಅವಳಿಗೆ ಗೊತ್ತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಮಿಡಚಿ ಆ ರಸ್ತೆಯ ಮೇಲೆ ಇಳಿದವು, ಧೂಳು ನಿಂತಿತು. ಬಸ್ಸು ಇನ್ನೊಂದಿಷ್ಟು ಹೊತ್ತು ಕಾದಿದ್ದರೆ ಅದರಲ್ಲಿದ್ದವರು ಯಾರೂ ಉಳಿಯುತ್ತಿರಲಿಲ್ಲ. ಇದು ಅಸ್ಮಾಳಿಗೂ ತಿಳಿಯುತ್ತದೆ. ತಿಳಿದರೂ, ಆ ಮಾತನ್ನು ಅಷ್ಟು ಸಲೀಸಾಗಿ ಆಡಿದ ಬಾಯಿಯನ್ನು ಅವಳು ಕ್ಷಮಿಸಲಿಲ್ಲ.

*

ಬ್ರಿಟಿಷರ ಕಾಲದಲ್ಲಿ ಬಂಗಾರಕ್ಕಾಗಿ ತೋಡಿ ಬಿಟ್ಟ ಸುರಂಗಗಳು ಕಪ್ಪತಗುಡ್ಡದಲ್ಲಿವೆ. ಬಸ್ಸಿನಲ್ಲಿದ್ದವರು ಅಂಥ ಒಂದರಲ್ಲಿ ಹೊಕ್ಕರು. ಒಲೆ ಹಚ್ಚುವುದು ನಡು ಮಧ್ಯಾಹ್ನ ಮಾತ್ರ, ಗುಡ್ಡದ ಬಂಡೆಗಳು ಹಂಚಿನಂತೆ ಕಾದು ಒಲೆಯ ಬಿಸಿಯೂ ಮೈಯ ಬಿಸಿಯೂ ಅದರಲ್ಲಿ ಕರಗಿ ಹೋಗುವಾಗ. ಹೊರಗೆ ಓಡಾಡುವುದೂ ಆಗಲೇ. ಜೋಳಕ್ಕೆ ಆಸುಪಾಸಿನ ಪಾಳು ಹಳ್ಳಿಗಳಲ್ಲಿ ನೆಲದಡಿ ಕಾಳು ತುಂಬಿಟ್ಟ ಹಗೇವು, ನೀರಿಗೆ ಸುರಂಗದ ಕೊನೆಯಲ್ಲಿ ಜಿನುಗುವ ಒಂದು ಒರತೆ.

ಭೂಮಿಯ ಮೇಲೆ ಹೀಗಾದರೆ ಮೇಲಿದ್ದವರದೂ ಇದೇ ಪಾಡು. ಚಂದ್ರನ ಸುರಂಗಗಳಲ್ಲಿ, ಮಂಗಳದ ಗವಿಗಳಲ್ಲಿ, ಗುರುವಿನ ಚಂದ್ರಗಳ ಮಂಜುಗಡ್ಡೆಯ ಕೆಳಗೆ, ಶನಿಯ ಬಳೆಗಳ ಬಂಡೆಗಳ ನಡುವೆ ಮನುಷ್ಯರು ಉಸಿರು ಹಿಡಿದು ಕೂತಿದ್ದರು. ಎಲ್ಲ ಕಡೆ ನಿಯಮ ಒಂದೇ. ರೇಡಿಯೋದಲ್ಲಿ ಕೇಳಬಹುದು, ಮಾತಾಡುವಂತಿಲ್ಲ. ಮಾತಾಡಿದಲ್ಲಿಗೆ ಮಿಡಚಿ ಬರುತ್ತವೆ. ಇದ್ದ ಜಾಗ ಬಿಟ್ಟು ಓಡುವಾಗ ಮಾತ್ರ ಒಂದು ಮಾತು ಹೇಳಿ, ಯಂತ್ರ ಬಂದ್ ಮಾಡಿ ಓಡಬೇಕು. ಬಂದ್ ಮಾಡಿದಾಗ ಕೊನೆಗೆ ಟಕ್ ಎಂದು ಒಂದು ಸದ್ದು ಬರುತ್ತದೆ. ಅದು ಕೇಳಿದರೆ ಆ ಜನ ಓಡಿದರು ಎಂದು ಅರ್ಥ. ಕೇಳದಿದ್ದರೆ ಬಂದ್ ಮಾಡಲು ಯಾರೂ ಉಳಿಯಲಿಲ್ಲ ಎಂದು. ಚಂದ್ರನ ಆಚೆ ಸುತ್ತುತ್ತಿದ್ದ ಹಳೆಯ ಉಪಗ್ರಹವೊಂದು ಈ ಮಾತುಗಳನ್ನು ಹಿಡಿದು ಕೆಳಗೆ ಕಳಿಸುತ್ತಿತ್ತು; ಮೈಯ ಬಿಸಿ ಇಲ್ಲದ ಅದನ್ನು ಮಿಡಚಿ ಮುಟ್ಟಿರಲಿಲ್ಲ.

ಸೊರಟೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಚನ್ನಬಸವಣ್ಣ ಇದನ್ನೆಲ್ಲ ಹಿಡಿಯುವ ರೇಡಿಯೋ ಜೋಡಿಸಿ ಕೊಟ್ಟ. ಆದರೆ ಅವನಿಗೆ ಕಿವಿ ಮಂದ. ಆದ್ದರಿಂದ ಇಯರ್‌ಫೋನ್ ಗುಲಾಬಬಿಯ ಕಿವಿಗೆ ಹೋಯಿತು. ಕೇಳಿದ್ದನ್ನು ಅವಳು ಊಟದ ಹೊತ್ತಿಗೆ ಬಸ್ ಸ್ಟ್ಯಾಂಡಿನ ದನಿಯಲ್ಲೇ ಹೇಳುತ್ತಿದ್ದಳು, ಕೇಳಿದ ಅಕ್ಷರಕ್ಕೆ ಒಂದು ಅಕ್ಷರ ಕೂಡಿಸದೆ, ಕಳೆಯದೆ.

"ಪ್ರಯಾಣಿಕರ ಗಮನಕ್ಕೆ ಅನ್ನವಾ ಮೊದ್ಲ," ಎಂದು ಚನ್ನಬಸವಣ್ಣ ಕಾಡುತ್ತಿದ್ದ. "ಹಂಗಂದ್ರನ ನಮಗೂ ಎಲ್ಲೋ ಹೊಂಟೀವಿ ಅನಸ್ತೈತಿ."

ಅವಳು ನಗುತ್ತಿರಲಿಲ್ಲ. "ಮಂಗಳ, ಸುದ್ದಿ ಇಲ್ಲ. ಗುರು, ಸುದ್ದಿ ಇಲ್ಲ. ಶನಿ, ಸುದ್ದಿ ಇಲ್ಲ."

ಮೊದಲ ಚಳಿಗಾಲದಲ್ಲಿ ಒಂದು ದಿನ ಅದೇ ದನಿಯಲ್ಲಿ ಹೇಳಿದಳು: "ಚಂದ್ರ, ಉತ್ತರದ ಸುರಂಗ ಬಿಟ್ಟಾರ. ಬೋರವೆಲ್ಲಿನವರ ಪೈಕಿ ತೀರಿಕೊಂಡವರು," ಎಂದು ಕೆಲವು ಹೆಸರು ಹೇಳಿ, ನಡುವೆ "ಬೆಟಗೇರಿಯ ಶಾಕೀರ ಅಝೀಮಸಾಬ ನದಾಫ" ಎಂದು ಹೇಳಿ, ಉಳಿದ ಹೆಸರುಗಳನ್ನೂ ಹೇಳಿ ಮುಗಿಸಿದಳು. ಆಮೇಲೆ ಅಸ್ಮಾಳ ಮುಂದೆ ಬಂದು ಕೂತಳು. ಗಂಡ ಬರುವ ದಿನಕ್ಕೆಂದು ಅಸ್ಮಾ ತನ್ನ ಗಂಟಿನಲ್ಲಿ ಒಂದು ಕಡಕ್ ರೊಟ್ಟಿ ತೆಗೆದಿಟ್ಟಿದ್ದಳು. ಗುಲಾಬಬಿ ಅದನ್ನು ತೆಗೆದು, ಮುರಿದು, ಅಲ್ಲಿದ್ದ ಮಕ್ಕಳಿಗೆ ಹಂಚಿದಳು. ಕೊನೆಯ ಚೂರನ್ನು ಅಸ್ಮಾಳ ಕೈಯಲ್ಲಿಟ್ಟು, "ಅಂವ ಇಲ್ಲ. ತಿನ್ನು" ಎಂದಳು.

ಆ ದಿನದಿಂದ ಅಸ್ಮಾ ಅವಳನ್ನು ಅತ್ತಿ ಎಂದು ಕರೆದಿಲ್ಲ. ಮರುದಿನ ಬಂದು ಎರಡನೆಯ ಇಯರ್‌ಫೋನ್ ಕೇಳಿ ತನ್ನ ಕಿವಿಗೆ ಹಾಕಿಕೊಂಡಳು. ಇನ್ನು ಯಾವ ಸುದ್ದಿಯನ್ನೂ ಆ ಬಾಯಿಂದ ಮೊದಲು ಕೇಳಬಾರದು ಎಂಬುದಷ್ಟೇ ಅವಳ ಲೆಕ್ಕ.

*

ರೊಟ್ಟಿ ಬಡಿಯುವ ಕೆಲಸ ಅಂತೂರ ಬೆಂತೂರಿನ ಸಾವಿತ್ರೆವ್ವನದು. ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಮಾಡಿ ಮಗಳನ್ನು ಓದಿಸಿದವಳು. ಮಗಳು ಕಾಂಚನಾ ನೀರಿನ ಪಂಪುಗಳ ಕೆಲಸ ಕಲಿತು ಶನಿಯ ಒಂದು ಚಂದ್ರನ ಮೇಲೆ ನೌಕರಿ ಹಿಡಿದಿದ್ದಳು.

"ಮಂದಿ ಶನಿ ಬಿಟ್ಟು ಹೋಗ್ಲಿ ಅಂತ ಎಳ್ಳೆಣ್ಣಿ ಸುಡ್ತಾರ," ಎನ್ನುತ್ತಿದ್ದಳು ಸಾವಿತ್ರೆವ್ವ. "ನನ್ನ ಮಗಳು ನೋಡವಾ, ಪಗಾರ ಚಲೋ ಐತಿ ಅಂತ ಶನಿ ಮನಿಗೇ ಹೋಗ್ಯಾಳ."

ದಿನಾ ಮೊದಲ ರೊಟ್ಟಿ ಕಾಂಚನಾಳದು. ಅದನ್ನು ಒಂದು ಗೂಡಿನಲ್ಲಿಟ್ಟು, ಹಿಂದಿನ ದಿನದ್ದನ್ನು ತೆಗೆದು ತಾನು ತಿನ್ನುತ್ತಿದ್ದಳು. ಹೀಗೆ ಯಾರಿಗೂ ನಷ್ಟವಿರಲಿಲ್ಲ. ಆದರೂ ಗುಲಾಬಬಿಗೆ ಅದು ಸಹಿಸುತ್ತಿರಲಿಲ್ಲ.

"ಇಲ್ಲದವರ ಪಾಲು ಇಡಬ್ಯಾಡ ಸಾವಿತ್ರೆವ್ವ. ಬಂದ ದಿನ ಬಡಿದು ಕೊಡು."

"ಬಂದ ಕೂಡ್ಲೇ ಹಸದಿರತಾಳಲ್ಲ."

"ಬರ್ತಾಳಂತ ಯಾರ ಹೇಳ್ಯಾರ ನಿನಗ?"

"ಬರೂದಿಲ್ಲಂತ ನಿನಗ ಯಾರ ಹೇಳ್ಯಾರ? ಇದು ನಿನ್ನ ಬಸ್ ಸ್ಟ್ಯಾಂಡ್ ಅಲ್ಲ, ಸುಮ್ನ ಕುಂಡ್ರು."

ಸುಮ್ಮನೆ ಕೂರುತ್ತಿದ್ದಳು. ಮರುದಿನ ಮತ್ತೆ ಅದೇ ಮಾತು.

ಎರಡನೆಯ ಬೇಸಿಗೆ ಒರತೆ ಬತ್ತುತ್ತ ಬಂತು. ಹೊಳೆಗೆ ಹತ್ತಿರ ಇರುವ ಬೇರೆ ಸುರಂಗಕ್ಕೆ, ಡೋಣಿ ಊರಿನ ಮೇಲೆ ಹಾದು ಮುಂಡರಗಿ ಕಡೆಗೆ, ಹೋಗಲೇಬೇಕು ಎಂದು ನಿಶ್ಚಯವಾಯಿತು. ಹೊರಡುವ ದಿನ ಇನ್ನೂ ಗೊತ್ತಾಗಿರಲಿಲ್ಲ, ಆಗ ಒಂದು ಮಧ್ಯಾಹ್ನ ಶನಿಯಿಂದ ದನಿ ಬಂತು.

ಸಾವಿತ್ರೆವ್ವ ಒಲೆಯ ಮುಂದಿದ್ದಳು. ಅತ್ತೆ ಸೊಸೆ ಇಬ್ಬರೂ ಒಂದೊಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು ಕೂತಿದ್ದರು. ಹೆಣ್ಣು ದನಿ, ಓಡಿ ಬಂದವರ ಏದುಸಿರು. "ಶನಿಯಿಂದ ಕಾಂಚನಾ. ಅಂತೂರ ಬೆಂತೂರ ಸಾವಿತ್ರೆವ್ವ ಎಲ್ಲೇ ಇರ್ಲಿ, ಹೇಳ್ರಿ. ಅವ್ವಾ, ನಾ ಬರ್ತೀನಿ."

ಆಮೇಲೆ ಟಕ್ ಎನ್ನಬೇಕಿತ್ತು. ಎನ್ನಲಿಲ್ಲ. ಒಣಗಿದ ಜೋಳದ ದಂಟು, ಕಣಿಕೆ, ಒಂದಕ್ಕೊಂದು ತಿಕ್ಕಿದಂಥ ಸದ್ದು ಬಂತು, ಬಹಳ ಕಣಿಕೆ, ಹತ್ತಿರ ಹತ್ತಿರ. ಅದು ಮಿಡಚಿಯ ಸದ್ದು. ಏನೋ ಬಿತ್ತು. ಯಂತ್ರ ಚಾಲೂ ಇದ್ದಂತೆಯೇ ಉಳಿಯಿತು. ಇಬ್ಬರೂ ಕಾದರು. ಶನಿಯಿಂದ ಇಲ್ಲಿಗೆ ಮಾತು ಮುಟ್ಟಲು ಒಂದು ತಾಸಿಗೂ ಹೆಚ್ಚು ಹಿಡಿಯುತ್ತದೆ. ಅವರು ಕಾಯುತ್ತಿದ್ದುದು ಆಗಲೇ ಮುಗಿದು ಹೋದದ್ದಕ್ಕೆ.

"ಎಲ್ಲಿದವಾ?" ಎಂದ ಚನ್ನಬಸವಣ್ಣ, ಅವರ ಮುಖ ನೋಡಿ.

"ಶನಿ," ಎಂದಳು ಗುಲಾಬಬಿ.

ಸಾವಿತ್ರೆವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಯಾರ ಮಾತಾಡಿದ್ರು?"

"ನಿನ್ನ ಮಗಳು."

"ಏನಂದ್ಲು?"

ಗುಲಾಬಬಿ ಎಂದಿನಂತೆ ಕೇಳಿದ್ದನ್ನು ಕೇಳಿದ ಹಾಗೆ ಹೇಳತೊಡಗಿದಳು. "ಶನಿಯಿಂದ ಕಾಂಚನಾ. ಅಂತೂರ ಬೆಂತೂರ ಸಾವಿತ್ರೆವ್ವ ಎಲ್ಲೇ ಇರ್ಲಿ, ಹೇಳ್ರಿ. ಅವ್ವಾ, ನಾ ಬರ್ತೀನಿ."

"ಬರ್ತಾಳಂತ!" ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಕೇಳಿದೇನೋ ಚನ್ನಬಸವಣ್ಣ? ಕಾಂಚನಾ ಬರ್ತಾಳಂತ!"

ಮಗಳು ಹೊರಡುವವರ ಮಾತು ಆಡಿದ್ದಳು. ತಾಯಿ ಅದನ್ನು ಬರುವವರ ಮಾತು ಎಂದು ಕೇಳಿಸಿಕೊಂಡಳು. ಬೇರೆ ಯಾವ ಸೀಮೆಯವಳಾಗಿದ್ದರೂ ಮಗಳು ಹೋಗ್ತೀನಿ ಅನ್ನುತ್ತಿದ್ದಳು, ತಾಯಿಗೆ ತಿಳಿಯುತ್ತಿತ್ತು.

ಗುಲಾಬಬಿಯ ಬಾಯಿ ಇನ್ನೂ ತೆರೆದೇ ಇತ್ತು. ಸುದ್ದಿ ಅರ್ಧ ಉಳಿದಿತ್ತು. ಇಂಥ ಅರ್ಧವನ್ನು ಅವಳು ಎಂದೂ ಉಳಿಸಿಕೊಂಡವಳಲ್ಲ. ಅಸ್ಮಾ ಅದಕ್ಕಾಗಿ ಕಾದಳು, ಹೊಡೆತ ಬೀಳುವ ಮೊದಲು ಮೈ ಬಿಗಿ ಹಿಡಿಯುವಂತೆ.

"ರೊಟ್ಟಿ ಹೊತ್ತತೈತಿ," ಎಂದಳು ಗುಲಾಬಬಿ. "ನೋಡು."

*

ಹೊರಡುವ ಹಿಂದಿನ ದಿನ, ಜೋಳದ ಚೀಲಗಳನ್ನು ಕಟ್ಟುವಾಗ, ಅಸ್ಮಾ ಕೇಳಿಯೇಬಿಟ್ಟಳು.

"ಸಾವಿತ್ರಕ್ಕಗ ಯಾಕ ಹೇಳವಲ್ರಿ?"

"ಏನ?"

"ಟಕ್ ಅನಲಿಲ್ಲ ಅನ್ನೂದು. ಅಕಿ ದಿನಾ ಎರಡೆರಡು ರೊಟ್ಟಿ ಬಡಿದು ಇಡಾಕ ಹತ್ಯಾಳ. ಮಗಳು ಸೊರಗಿರತಾಳಂತ."

"ಅಕಿ ಕೇಳಿಲ್ಲ."

"ನಾನೂ ಕೇಳಿರಲಿಲ್ಲ."

ಗುಲಾಬಬಿ ಚೀಲದ ಬಾಯಿಗೆ ಹುರಿ ಸುತ್ತಿ ಗಂಟು ಬಿಗಿದಳು. ಬಿಚ್ಚಿದಳು. ಮತ್ತೆ ಬಿಗಿದಳು. "ನಾಳೆ ಹೊಂಡೂ ಮುಂದ ಹೇಳ್ತೀನಿ. ಅಕಿ ಹೊಂಡಬೇಕಲ್ಲ."

ಅದು ನಿಜವೇ ಆಗಿತ್ತು. ಸಾವಿತ್ರೆವ್ವ ಮಗಳು ಬರುವ ತನಕ ಹೊರಡುವುದಿಲ್ಲ ಎಂದು ಕೂತಿದ್ದಳು. ನೀರು ಎರಡು ದಿನಕ್ಕೂ ಸಾಲದಷ್ಟಿತ್ತು. ಅವಳು ಅಲ್ಲೇ ಉಳಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊತ್ತುಕೊಂಡು ಹೋಗುವ ಶಕ್ತಿ ಯಾರಿಗೂ ಇರಲಿಲ್ಲ. ಸತ್ಯ ಹೇಳಿದರೆ ಏಳುತ್ತಾಳೋ, ಅದನ್ನು ಕೇಳಿ ಅಲ್ಲೇ ಮಲಗಿಬಿಡುತ್ತಾಳೋ, ಅದೂ ಗೊತ್ತಿರಲಿಲ್ಲ.

ಮರುದಿನ ಸೂರ್ಯ ನೆತ್ತಿಗೆ ಬಂದಾಗ ಗುಲಾಬಬಿ ದಾರಿಯ ರೊಟ್ಟಿ ಹಂಚಿದಳು, ತಲೆಗೆ ಎರಡು. ಗೂಡಿನಲ್ಲಿದ್ದ ಕಾಂಚನಾಳ ರೊಟ್ಟಿಗಳನ್ನೂ ತೆಗೆದು ಹಂಚುವುದರಲ್ಲಿ ಸೇರಿಸಿದಳು. "ದಾರ್ಯಾಗ ಹಸದ ಬೀಳೂದು ಬ್ಯಾಡ. ಕಲ್ಲಿನ ಮ್ಯಾಲೆ ರೊಟ್ಟಿ ಬಿಟ್ಟು ಹೋಗೂದು ಇಲ್ಲ," ಎಂದಳು. ಜನ ಒಬ್ಬೊಬ್ಬರಾಗಿ ಹೊರಬಿದ್ದು ಹಳ್ಳದ ದಾರಿ ಹಿಡಿದರು. ಸಾವಿತ್ರೆವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅವಳ ಪಾಲಿನ ರೊಟ್ಟಿ ಮುಟ್ಟದೆ ತೊಡೆಯ ಮೇಲಿತ್ತು.

"ಏಳವಾ ಸಾವಿತ್ರಿ," ಎಂದ ಚನ್ನಬಸವಣ್ಣ. "ನೀ ಇಲ್ದ ನನ್ನ ಜೋಕಿಗೆ ಬೈಯಾವ್ರು ಯಾರು?"

"ನೀವು ನಡೀರಿ. ನಾ ಮಗಳನ್ನ ಕರಕೊಂಡು ಬರ್ತೀನಿ."

ಗುಲಾಬಬಿ ಅವಳ ಮುಂದೆ ಕೂತಳು. ಅಸ್ಮಾ ಗಂಟು ಹೊತ್ತು ಸುರಂಗದ ಬಾಯಿಯ ಹತ್ತಿರ ನಿಂತಿದ್ದಳು. ಹೇಳಲಿ ಎಂದು ಅವಳು ಬಯಸಿದ್ದಳು. ತನಗೆ ಹೇಳಿದಂತೆಯೇ ಹೇಳಲಿ, ಎಲ್ಲರಿಗೂ ಒಂದೇ ನ್ಯಾಯ ಇರಲಿ ಎಂದು. ಈಗ ಆ ಮಾತು ಬರುವ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

"ಸಾವಿತ್ರೆವ್ವ, ನನ್ನ ಬಾಯಿ ನಿನಗ ಗೊತ್ತೈತಿ."

"ಗೊತ್ತೈತಿ ಬಿಡು. ಇಡೀ ಜಿಲ್ಲಾಕ ಗೊತ್ತೈತಿ."

"ನಾ ಸುಳ್ಳು ಹೇಳೂದಿಲ್ಲ."

"ಹಂಗಾದ್ರ ಒಂದ ಹೇಳು. ನನ್ನ ಮಗಳು ಬರ್ತೀನಿ ಅಂದದ್ದು ಖರೆನೋ ಸುಳ್ಳೋ?"

"ಖರೆ. ಬರ್ತೀನಿ ಅಂದ್ಲು."

"ಆತಲ್ಲ. ಬಂದಾಕಿ ಈ ಖಾಲಿ ಗುಹಾ ನೋಡಿ ಯಾರನ್ನ ಕೇಳಬೇಕು, ನಮ್ಮವ್ವ ಎಲ್ಲೆ ಅಂತ? ನಿನ್ನ ಮೈಕ್ ಐತೇನ ಇಲ್ಲೆ ಹೇಳಾಕ?"

ಗುಲಾಬಬಿ ಅವಳ ಮುಖವನ್ನೇ ನೋಡುತ್ತಿದ್ದಳು. ಅಸ್ಮಾ ಮನೆಗೆ ಬಂದಾಗಿನಿಂದ, ಅತ್ತೆ ಯಾರ ಮುಖವನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ಕಂಡಿರಲಿಲ್ಲ. ಹೊರಗೆ ಬಿಸಿಲು ಹೇಗಿದ್ದಿತೋ ಹಾಗೇ ಇತ್ತು. ಕೊನೆಗೆ ಗುಲಾಬಬಿ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

"ಚನ್ನಬಸವಣ್ಣ, ಒಲಿಯಾಗಿನ ಒಂದ ಇದ್ದಲಿ ಕೊಡು."

"ಯಾಕವಾ?"

"ಬೋರ್ಡ ಬರೀಬೇಕು."

ಸುರಂಗದ ಬಾಯಿಯ ಒಳಮಗ್ಗುಲಿಗೆ ಒಂದು ನುಣುಪು ಬಂಡೆಯಿತ್ತು. ಅದರ ಮೇಲೆ ಅವಳು ಬಸ್ಸಿನ ಬೋರ್ಡಿನಂತೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು: ಕಾಂಚನಾ. ಅದರ ಕೆಳಗೆ: ಮುಂಡರಗಿ. ಅದರ ಕೆಳಗೆ ಸಣ್ಣದಾಗಿ: ಡೋಣಿ ಮಾರ್ಗವಾಗಿ. ಅಕ್ಷರಗಳು ಸಾಲು ತಪ್ಪಲಿಲ್ಲ.

"ಮಿಡಚಿ ಓದಿದ್ರ?" ಎಂದ ಚನ್ನಬಸವಣ್ಣ.

"ಮಿಡಚಿಗೆ ಕನ್ನಡ ಬಂದಿದ್ರ," ಎಂದಳು ಸಾವಿತ್ರೆವ್ವ, ಗೋಡೆ ಹಿಡಿದು ಏಳುತ್ತ, "ನಿನ್ನ ಜೋಕ್ ಕೇಳಿನ ಇಷ್ಟೊತ್ತಿಗೆ ಊರ ಬಿಟ್ಟು ಓಡಿರತಿದ್ವು." ಬಂಡೆಯ ಹತ್ತಿರ ಹೋಗಿ ಮಗಳ ಹೆಸರಿನ ಮೇಲೆ ಕೈ ಸವರಲು ಹೋದಳು. ಇದ್ದಲಿ ಅಳಿಸೀತು ಎಂದು ಕೈ ಹಿಂದಕ್ಕೆ ತೆಗೆದಳು. ತನ್ನ ಪಾಲಿನ ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡಳು. "ಓದಿ ಬರ್ತಾಳ ಬಿಡು. ಶಾಲ್ಯಾಗ ಶಾಣ್ಯಾ ಇದ್ಲು."

ಚನ್ನಬಸವಣ್ಣ ಅವಳ ಕೈ ಹಿಡಿದು ಇಳಿಸಿಕೊಂಡು ಹೋದ. ಅವಳು ನಡುನಡುವೆ ಹಿಂದಿರುಗಿ ನೋಡುತ್ತ, ಬೈಯುತ್ತ ಹೋಗುವುದು ಕೇಳಿಸುತ್ತಿತ್ತು.

ಅಸ್ಮಾ ಇನ್ನೂ ಅಲ್ಲೇ ನಿಂತಿದ್ದಳು. ಅವಳಿಗೆ ಸಿಟ್ಟು ಬಂದಿತ್ತು. ಬರ್ತೀನಿ ಅಂದು ಬೆಟಗೇರಿಗೆ ಹೋದ ಮಾವನಿಗೆ ಯಾರೂ ಯಾವ ಬೋರ್ಡೂ ಬರೆದಿರಲಿಲ್ಲ. ಬರ್ತೀನಿ ಅಂದು ಚಂದ್ರನ ಮೇಲೆ ಹೋದ ಗಂಡನ ರೊಟ್ಟಿಯನ್ನು ಮುರಿದು ಹಂಚಿದ್ದರು. ಇದನ್ನೆಲ್ಲ ಈಗ, ಇಬ್ಬರೇ ಇರುವಾಗ, ಹೇಳಿಬಿಡಬೇಕು ಎಂದು ಅವಳು ತಿರುಗಿದಳು.

ಗುಲಾಬಬಿ ಅವಳತ್ತ ನೋಡುತ್ತಿರಲಿಲ್ಲ. ಬೋರ್ಡಿನ ಕೆಳಗಿನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ಗಂಟು ಬಿಚ್ಚುತ್ತಿದ್ದಳು. ತನ್ನ ಪಾಲಿನ ರೊಟ್ಟಿ ಒಂದನ್ನು ತೆಗೆದು ಕಲ್ಲಿನ ಮೇಲೆ ಇಟ್ಟಳು. ಗಂಟು ಕಟ್ಟಿದಳು. ಮತ್ತೆ ಬಿಚ್ಚಿ, ಎರಡನೆಯದನ್ನೂ ತೆಗೆದು ಅದರ ಮಗ್ಗುಲಿಗೆ, ಬೇರೆಯಾಗಿ ಇಟ್ಟಳು. ಇರುವೆ ಹತ್ತದಂತೆ ಎರಡರ ಮೇಲೂ ಒಂದೊಂದು ಚಪ್ಪಟೆ ಕಲ್ಲು ಮುಚ್ಚಿದಳು. ಖಾಲಿ ಬಟ್ಟೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದಳು.

"ಏನ ನೋಡ್ತಿ?" ಎಂದಳು. "ನಡಿ. ಬಿಸಲ ಇಳೀತೈತಿ."